ನೋವು ಒಂದು ಇಂಚು ಇಪ್ಪತ್ತು ಸೆಂಟ್

ನನಗೆ ನಟನೆ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯ ಇರಲಿಲ್ಲ. ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು ನಾನು. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಾಕುವವನು, ಮಳೆ ಅಳೆದು ಪುಸ್ತಕದಲ್ಲಿ ಬರೆಯುವವನು, ಸಾಹುಕಾರರಿಗೆ ಯಾರ ಮೇಲೋ ಸಿಟ್ಟು ಬಂದಾಗ ಎದುರಿಗೆ ನಿಂತು ತಲೆ ತಗ್ಗಿಸುವವನು. ಮಾಡದ ತಪ್ಪಿಗೆ ಮೂವತ್ತೊಂದು ವರ್ಷ ತಪ್ಪಿತಸ್ಥನ ಮುಖ ಮಾಡಿದವನಿಗೆ, ಇಲ್ಲದ ಹೊಟ್ಟೆನೋವಿಗೆ ರೋಗಿಯ ಮುಖ ಮಾಡುವುದು ಏನು ಮಹಾ? ಹೀಗೆ ಅಂದುಕೊಂಡೇ ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ವೈದ್ಯಕೀಯ ಶಿಕ್ಷಣ ಕ್ಷೇತ್ರಕ್ಕೆ ಪಾದಾರ್ಪಣೆ ಮಾಡಿದೆ.

ಇದಕ್ಕೆಲ್ಲ ಕಾರಣ ಲಕ್ಷ್ಮಣ ಮೇಸ್ತ್ರಿ. ಎಸ್ಟೇಟಿನಲ್ಲಿ ಆಳುಗಳನ್ನು ಕೆಲಸಕ್ಕೆ ಹಚ್ಚುವವನು ಅವನು, ಬರೆದುಕೊಳ್ಳುವವನು ನಾನು. ನಾನು ರಿಟೈರಾಗಿ ಗೋಣಿಬೀಡಿನಿಂದ ಎರಡು ಕಿಲೋಮೀಟರ್ ಒಳಗೆ ಮನೆ ಮಾಡಿಕೊಂಡ ಮೇಲೂ ಅವನು ಬಂದು ಹೋಗುವುದನ್ನು ಬಿಟ್ಟಿರಲಿಲ್ಲ. ಅವನ ಮಗಳು ಚೈತ್ರ ಡಾಕ್ಟರ್ ಓದುತ್ತಿದ್ದಳು. ನಮ್ಮ ಎಸ್ಟೇಟಿನ ಆಳುಗಳಿರುವ ಲೈನ್ ಮನೆಯಿಂದ ಅಷ್ಟು ದೂರ ಹೋದವಳು ಅವಳೊಬ್ಬಳೇ. ಒಂದು ಸಂಜೆ ಮೇಸ್ತ್ರಿ ಬಂದು ಜಗಲಿಯ ಮೇಲೆ ಕೂತ. ಮುಖ ಸಪ್ಪೆಯಾಗಿತ್ತು.

"ಪ್ರಾಕ್ಟಿಕಲ್ಲಲ್ಲಿ ಹೋಯ್ತಂತೆ ರೈಟ್ರೇ. ಮುಂದಿನ ತಿಂಗಳು ಇನ್ನೊಂದು ಸಲ ಕೊಡ್ತಾರಂತೆ. ಅದೂ ಹೋದ್ರೆ ಜೊತೆಯವರೆಲ್ಲ ಮುಂದೆ, ಇವಳು ಆರು ತಿಂಗಳು ಹಿಂದೆ."

"ಅಷ್ಟು ಚುರುಕು ಹುಡುಗಿ, ಹೇಗೆ ಹೋಯ್ತು ಮಾರಾಯ?"

"ಎಲ್ಲ ಆ ಗೊಂಬೆಯಿಂದ," ಅಂದ ಮೇಸ್ತ್ರಿ.

ಆಮೇಲೆ ಅವನು ಹೇಳಿದ್ದರಿಂದ ನನಗೆ ಅರ್ಥವಾದದ್ದು ಇಷ್ಟು. ಈಗ ಡಾಕ್ಟರ್ ಓದು ಬರೀ ಪುಸ್ತಕದಲ್ಲಿಲ್ಲ. ಮೊದಲು ವಿಡಿಯೋ ನೋಡಬೇಕು. ಆಮೇಲೆ ಟ್ಯಾಬಿನಲ್ಲಿ ಮನುಷ್ಯನ ಒಳಗನ್ನೆಲ್ಲ ಬೆರಳಿನಿಂದ ತಿರುಗಿಸಿ ಕಲಿಯಬೇಕು. ಆಮೇಲೆ ಉಸಿರಾಡುವ, ನಾಡಿ ಹೊಡೆಯುವ ಗೊಂಬೆಯ ಮೇಲೆ ಕೈಯಾಡಿಸಬೇಕು. ಕೊನೆಗೆ ನಿಜವಾದ ಮನುಷ್ಯ. ಆ ಮನುಷ್ಯನೂ ನಿಜವಾದ ರೋಗಿಯಲ್ಲ, ರೋಗ ಬಂದವನ ಹಾಗೆ ನಟಿಸುವವನು. ಚೈತ್ರ ಮನುಷ್ಯರ ಹತ್ತಿರ ಎಷ್ಟು ಬೇಕಾದರೂ ಮಾತಾಡುತ್ತಾಳೆ. ಗೊಂಬೆಯ ಎದುರು ನಿಂತರೆ ಒಂದು ಪ್ರಶ್ನೆಯೂ ಬಾಯಿಗೆ ಬರುವುದಿಲ್ಲ. ಹೋದ ಸಲ ಹೊಟ್ಟೆನೋವಿನ ಪರೀಕ್ಷೆಗೆ ಅವಳಿಗೆ ಗೊಂಬೆ ಬಂದಿತ್ತು. ಈ ಸಲ ಹೊಟ್ಟೆನೋವಿಗೆ ಮನುಷ್ಯನನ್ನೇ ಇಡುತ್ತಾರಂತೆ, ಅದೊಂದು ಪುಣ್ಯ. ಆದರೆ ಕಾಲೇಜಿನವರಿಗೆ ನಮ್ಮ ಕಡೆಯ ಮಾತಾಡುವ ಮನುಷ್ಯ ಸಿಕ್ಕಿಲ್ಲವಂತೆ.

"ನಾನಿದ್ದೇನಲ್ಲ," ಅಂದೆ.

ಒಳಗಿನಿಂದ ನನ್ನ ಹೆಂಡತಿ ಗಿರಿಜಾ ಬಂದಳು. "ಅಲ್ರೀ, ನಿಮಗೆ ಸುಳ್ಳು ಹೇಳಕ್ಕೆ ಬರ್ತದಾ? ಮೊನ್ನೆ ನಮ್ಮಕ್ಕ ಫೋನ್ ಮಾಡಿದಾಗ ಮನೇಲಿಲ್ಲ ಅಂತ ಹೇಳಿ ಅಂದ್ರೆ, 'ಗಿರಿಜಾ ಇಲ್ಲ ಅಂತ ಹೇಳು ಅಂದ್ಲು' ಅಂದ್ರಿ."

"ಅದು ಸುಳ್ಳು. ಇದು ಕಲೆ," ಅಂದೆ.

ಚೈತ್ರಳಿಗೆ ಹೇಳಬೇಡ ಎಂದು ಮೇಸ್ತ್ರಿಗೆ ಕಟ್ಟುನಿಟ್ಟು ಮಾಡಿದೆ. ಪರೀಕ್ಷೆಯ ದಿನ ಅವಳು ಬಂದು ನೋಡಿದರೆ ಮಂಚದ ಮೇಲೆ ನಾನು ಮಲಗಿರಬೇಕು. ಹುಡುಗಿಗೆ ಧೈರ್ಯ ಬರುತ್ತದೆ. ಜೊತೆಗೆ ಅಲ್ಲೇ ಒಂದು ಸಣ್ಣ ಸನ್ನೆ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಇದು ನನ್ನ ಯೋಜನೆ.

ಕಾಲೇಜು ನಮ್ಮಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಹೆಸರು ಬೇಡ, ಅವರು ಈಗಾಗಲೇ ನನ್ನಿಂದ ಸಾಕಷ್ಟು ಅನುಭವಿಸಿದ್ದಾರೆ. ಈ ಪರೀಕ್ಷೆಯ ಉಸ್ತುವಾರಿ ಒಬ್ಬ ಡಾಕ್ಟರ್ ಮೇಡಂ ಅವರದ್ದು. ಬಯಲುಸೀಮೆಯವರು, ಮಾತು ಕಡಿಮೆ. ನನ್ನನ್ನು ಮೂರು ಪ್ರಶ್ನೆ ಕೇಳಿದರು. ನಿಮಗೆ ನಿಜವಾಗಿ ಏನಾದರೂ ಕಾಯಿಲೆ ಇದೆಯಾ? ಇಲ್ಲ. ಬಾಯಿಪಾಠ ಮಾಡಲು ಬರುತ್ತದಾ? ಬರುತ್ತದೆ. ಇಲ್ಲಿನ ವಿದ್ಯಾರ್ಥಿಗಳು ಯಾರಾದರೂ ಪರಿಚಯವಾ?

"ಇಲ್ಲ," ಅಂದೆ.

ನನ್ನ ಜೀವಮಾನದಲ್ಲಿ ತಡವರಿಸದೆ ಹೇಳಿದ ಸುಳ್ಳು ಅದೊಂದೇ. ಹೇಳಿದ ಮೇಲೆ ಒಳಗೊಳಗೇ ಹೆಮ್ಮೆಯೂ ಆಯಿತು. ನಟನೆ ಬರುತ್ತದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮೇಡಂ ಹೇಳಿದರು: "ನಾವು ಬೇರೆ ಬೇರೆ ಮಾಧ್ಯಮಗಳಲ್ಲಿ ಕಲಿಸ್ತೇವೆ. ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ನಿಮಗೂ." ಹಾಗೆಂದು ನಾಲ್ಕು ಪುಟದ ಒಂದು ಕಾಗದ ಕೊಟ್ಟರು, ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು, ಒಂದು ವಾರದ ಮಟ್ಟಿಗೆ ಒಂದು ಟ್ಯಾಬ್ ಕೊಟ್ಟರು. ಕೊನೆಗೆ ಒಂದು ಎಚ್ಚರಿಕೆ: "ಒಂದೇ ನಿಯಮ ನೆನಪಿಡಿ. ಮೊದಲನೇ ವಿದ್ಯಾರ್ಥಿಗೆ ಏನು ಹೇಳ್ತೀರೋ ಹನ್ನೆರಡನೆಯವರಿಗೂ ಅದನ್ನೇ ಹೇಳಬೇಕು. ಒಂದು ಮಾತು ಹೆಚ್ಚುಕಮ್ಮಿ ಆದ್ರೂ ಉಳಿದವರಿಗೆ ಅನ್ಯಾಯ ಆಗ್ತದೆ."

ಮಾಧ್ಯಮ ಒಂದು, ಕಾಗದ. ಅದರ ಪ್ರಕಾರ ನನ್ನ ಹೆಸರು ರಾಜು. ವಯಸ್ಸು ನಲವತ್ತೈದು. ವಸ್ತಾರೆಯಲ್ಲಿ ಮರಗೆಲಸ. ಪಿತ್ತಕೋಶದಲ್ಲಿ ಕಲ್ಲು. ಮೂರು ವಾರದಿಂದ ಬಲ ಪಕ್ಕೆಲುಬಿನ ಕೆಳಗೆ ನೋವು, ಬಲ ಭುಜಕ್ಕೂ ಹತ್ತುತ್ತದೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದರೆ ಎಂಟು ಅನ್ನಬೇಕು. ವಿದ್ಯಾರ್ಥಿ ಪಕ್ಕೆಯ ಕೆಳಗೆ ಒತ್ತಿ ಉಸಿರು ಎಳೆದುಕೊಳ್ಳಿ ಅಂದಾಗ, ಉಸಿರು ಅರ್ಧದಲ್ಲಿ ನಿಲ್ಲಿಸಿ 'ಅಯ್ಯೋ' ಎಂದು ನರಳಬೇಕು. ನನಗೆ ರಾಜುವಿನ ಮೇಲೆ ಮೊದಲ ದಿನವೇ ಅಸಮಾಧಾನ ಶುರುವಾಯಿತು. ಮೂರು ವಾರ ಇಷ್ಟು ನೋವು ಇಟ್ಟುಕೊಂಡು ಆಸ್ಪತ್ರೆಗೆ ಹೋಗದೆ ಅವನು ವಸ್ತಾರೆಯಲ್ಲಿ ಏನು ಮಾಡುತ್ತಿದ್ದ? ಗಿರಿಜಳನ್ನು ಕೇಳಿದೆ.

"ನಿಮ್ಮ ಹಾಗೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿದುಕೊಂಡಿದ್ದ," ಅಂದಳು.

ಮಾಧ್ಯಮ ಎರಡು, ವಿಡಿಯೋ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದಲ್ಲಿ ಒಂದೇ ಕಡೆ, ಮಳೆ ಅಳೆಯುವ ಡಬ್ಬಿಯ ಪಕ್ಕ. ಕೆಲಸ ಬಿಟ್ಟರೂ ನಾನು ಮಳೆ ಅಳೆಯುವುದನ್ನು ಬಿಟ್ಟಿಲ್ಲ. ದಿನಾ ಬೆಳಗ್ಗೆ ಡಬ್ಬಿ ನೋಡಿ ಎಷ್ಟು ಇಂಚು, ಎಷ್ಟು ಸೆಂಟ್ ಎಂದು ಬರೆದಿಟ್ಟರೇ ನನಗೆ ಕಾಫಿ ಇಳಿಯುವುದು. ನೂರು ಸೆಂಟಿಗೆ ಒಂದು ಇಂಚು. ಆ ಡಬ್ಬಿಯ ಪಕ್ಕ ಸ್ಟೂಲ್ ಹಾಕಿಕೊಂಡು ವಾರವಿಡೀ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಮನುಷ್ಯ ಹೊಟ್ಟೆ ಹಿಡಿದುಕೊಂಡು ಬಾಯಿ ತೆರೆಯುತ್ತಾನೆ. ಸರಿಯಾಗಿ ಅಲ್ಲಿಗೆ ಸಿಗ್ನಲ್ ಹೋಗುತ್ತದೆ. ಅವನು ಬಾಯಿ ತೆರೆದುಕೊಂಡೇ ನಿಂತಿರುತ್ತಾನೆ. ಬಾಯಿ ಎಷ್ಟು ತೆರೆಯಬೇಕು ಎಂದು ಕಲಿತೆ. ಆ ಬಾಯಿಂದ ಯಾವ ಶಬ್ದ ಬರುತ್ತದೆ ಎನ್ನುವುದು ಕೊನೆಯವರೆಗೂ ಗೊತ್ತಾಗಲಿಲ್ಲ.

ಮಾಧ್ಯಮ ಮೂರು, ಟ್ಯಾಬ್. ಅದರಲ್ಲಿ ಚರ್ಮವಿಲ್ಲದ ಒಬ್ಬ ಮನುಷ್ಯ ನಿಧಾನವಾಗಿ ಸುತ್ತುತ್ತಿದ್ದ. ಪಿತ್ತಕೋಶ ಎಲ್ಲಿದೆ ನೋಡೋಣ ಎಂದು ಬೆರಳಿಟ್ಟೆ. ಅವನ ಲಿವರ್ ಕಳಚಿಕೊಂಡು ಬಂದು ಮೇಲಿನ ಮೂಲೆಯಲ್ಲಿ ನಿಂತಿತು. ಅದನ್ನು ವಾಪಸ್ ಇಡಲು ಹೋದರೆ ಜಠರವೂ ಈಚೆಗೆ ಬಂತು. ಗಿರಿಜಾ ಕೈಯೊರೆಸಿಕೊಂಡು ಬಂದು ತಾನೊಂದು ಸಲ ನೋಡುತ್ತೇನೆ ಎಂದು ಬೆರಳಿಟ್ಟಳು. ಒಂದು ಕಿಡ್ನಿ ಹೋಯಿತು.

"ಬಿಡಿ, ಮುಟ್ಟಬೇಡಿ. ಇನ್ನೊಂದಾದ್ರೂ ಇರ್ಲಿ ಪಾಪ," ಅಂದಳು.

ಕಾಲೇಜಿನ ಸೊತ್ತು ಹಾಳು ಮಾಡಿದೆನಲ್ಲ ಎಂದು ಟ್ಯಾಬನ್ನು ಟವೆಲಿನಲ್ಲಿ ಸುತ್ತಿ, ಆ ಮನುಷ್ಯ ಕವುಚಿ ಮಲಗುವ ಹಾಗೆ ಬೀರುವಿನಲ್ಲಿ ಇಟ್ಟೆ. ಮರಳಿ ಕೊಡುವ ದಿನ ತಪ್ಪೊಪ್ಪಿಕೊಂಡಾಗ ಮೇಡಂ ಒಂದು ಗುಂಡಿ ಒತ್ತಿದರು. ಎಲ್ಲ ಅಂಗಗಳೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ನಾನು ವಾರವಿಡೀ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಇನ್ನು ಉಳಿದದ್ದು ನರಳುವುದು. ಇದಕ್ಕೆ ಮಾಧ್ಯಮವಿಲ್ಲ, ಸ್ವಂತ ಗಂಟಲೇ ಗತಿ. ಪರೀಕ್ಷೆಗೆ ಎರಡು ದಿನ ಇದ್ದಾಗ ಅಂಗಳದಲ್ಲಿ ನಿಂತು ಅಭ್ಯಾಸ ಶುರು ಮಾಡಿದೆ. ಒಂದು ಸಲ ಎಳೆದು 'ಅಯ್ಯೋ' ಅಂದೆ. ಇನ್ನೊಂದು ಸಲ ಮೊಟಕಾಗಿ ಅಂದೆ. ಗಿರಿಜಾ ಕಾಫಿ ಬೀಜ ಆರಿಸುತ್ತಾ ಕೂತಿದ್ದವಳು ತಲೆ ಎತ್ತಲಿಲ್ಲ.

"ಹೇಗಿದೆ?"

"ನೋವಾದವರು ಹಾಗೆ ರಾಗ ಎಳೀತಾರಾ?"

ಮೂರನೆಯ ಸಲ ಹೊಟ್ಟೆಯ ಆಳದಿಂದ ತೆಗೆದೆ. ಐದು ನಿಮಿಷದಲ್ಲಿ ಪಕ್ಕದ ತೋಟದ ಸುಬ್ಬೇಗೌಡರು ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಹಗ್ಗ.

"ಎಲ್ಲಿ ರೈಟ್ರೇ, ಎಲ್ಲಿದೆ? ಈಯುವಾಗ ಕರು ಅಡ್ಡ ಬಂದಿದ್ಯಾ? ಎಳೀಬೇಕಾ?"

"ಯಾವ ಕರು?"

"ಹಸು ಕೂಗ್ತಿತ್ತಲ್ಲ." ಅವರು ಸುತ್ತ ನೋಡಿದರು. "ಅಲ್ಲ ಮಾರಾಯ್ರೆ, ನಿಮ್ಮನೇಲಿ ಹಸುವೇ ಇಲ್ಲಲ್ಲ."

ಗಿರಿಜಾ ಬೀಜದ ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳು ನಗುವಾಗ ಹಾಗೆಯೇ, ಒಳಗೆ ಹೋಗಿಯೇ ನಗುವುದು.

ಪರೀಕ್ಷೆಯ ಹಿಂದಿನ ಸಂಜೆ ಒಳ್ಳೆಯ ಮಳೆ ಬಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಆಗಿ ಸುಮಾರು ಇಪ್ಪತ್ತು ದಿನವಾಗಿತ್ತು, ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕಿತ್ತು. ಅರ್ಧ ಗಂಟೆ ಹಾಗೆಯೇ ಹೊಡೆದು ಚರಂಡಿ ತುಂಬಿ ನೀರು ರಸ್ತೆಗೆ ಬಂತು. ಬೆಳಗ್ಗೆ ಬಸ್ಸಿಗೆ ಹೊರಡುವ ಮೊದಲು ಡಬ್ಬಿ ನೋಡಿದೆ. ಒಂದು ಇಂಚು ಇಪ್ಪತ್ತು ಸೆಂಟ್. ಇದು ಶುಭಶಕುನ ಅಂದುಕೊಂಡೆ.

ಕಾಲೇಜಿನಲ್ಲಿ ಒಂದು ಉದ್ದ ಹಾಲ್. ಅದನ್ನು ಪರದೆ ಕಟ್ಟಿ ನಾಲ್ಕು ಭಾಗ ಮಾಡಿದ್ದರು. ಮೊದಲನೆಯದರಲ್ಲಿ ವಿಡಿಯೋ, ಎರಡನೆಯದರಲ್ಲಿ ಟ್ಯಾಬ್, ಮೂರನೆಯದರಲ್ಲಿ ಮಾತಾಡಿಸಬೇಕಿಲ್ಲದ, ಬರೀ ಎದೆಬಡಿತ ಕೇಳಿ ಬರೆಯುವ ಎದೆನೋವಿನ ಗೊಂಬೆ, ನಾಲ್ಕನೆಯದರಲ್ಲಿ ಹೊಟ್ಟೆನೋವಿನ ನಾನು. ಗಂಟೆ ಬಾರಿಸಿದ ಹಾಗೆ ವಿದ್ಯಾರ್ಥಿಗಳು ಒಂದರಿಂದ ಇನ್ನೊಂದಕ್ಕೆ ಬರಬೇಕು. ನನಗೂ ಗೊಂಬೆಗೂ ಒಂದೇ ತರಹದ ಹಸಿರು ನಿಲುವಂಗಿ. ಮೇಲೆ ಒಂದು ಕ್ಯಾಮೆರಾ ನನ್ನನ್ನೇ ನೋಡುತ್ತಿತ್ತು. ರಾಜುವಿಗೆ ಕನ್ನಡಕವಿಲ್ಲ ಎಂದು ಮೇಡಂ ನನ್ನ ಕನ್ನಡಕ ತೆಗೆಸಿದ್ದರು. ಹಾಗಾಗಿ ನನಗೆ ಎಲ್ಲವೂ ಮಂಜು ಮಂಜು.

ಮೊದಲನೆಯ ಹುಡುಗ ಬಂದ. ಪಾಪ, ವಿಡಿಯೋ ಟ್ಯಾಬ್ ಗೊಂಬೆ ಎಲ್ಲ ಮುಗಿಸಿ ಬಂದು ತಲೆ ಕೆಟ್ಟಿತ್ತೋ ಏನೋ. ನಮಸ್ಕಾರವಿಲ್ಲ, ಮಾತಿಲ್ಲ. ಸೀದಾ ನನ್ನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದ. ಇನ್ನೊಮ್ಮೆ ಅಗಲಿಸಿದ.

"ತಮ್ಮಾ, ಅದು ದೊಡ್ಡದಾಗಲ್ಲ. ಇರೋದೇ ಅಷ್ಟು," ಅಂದೆ.

ಅವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಹೋದ. ಗೊಂಬೆ ಮಾತಾಡಿತು ಅಂದುಕೊಂಡಿರಬೇಕು. ಆಮೇಲೆ ಸುಧಾರಿಸಿಕೊಂಡು ಪ್ರಶ್ನೆ ಶುರು ಮಾಡಿದ. ಹೆಸರು? ರಾಜು. ಎಷ್ಟು ದಿನದಿಂದ ನೋವು? ಮೂರು ವಾರ ಎಂದು ಹೇಳಬೇಕಿತ್ತು. ನನ್ನ ಬಾಯಿ "ಹೂಮಳೆ ಆದ ಮಾರನೇ ದಿನದಿಂದ" ಅಂದಿತು. ನಮ್ಮಲ್ಲಿ ಮದುವೆ, ಮರಣ, ಜಗಳ ಎಲ್ಲದಕ್ಕೂ ಲೆಕ್ಕ ಹಾಗೆಯೇ, ಕ್ಯಾಲೆಂಡರ್ ಯಾರು ನೋಡುತ್ತಾರೆ? ಅವನು ಕಣ್ಣು ಪಿಳಿಪಿಳಿ ಬಿಟ್ಟು ಏನನ್ನೋ ಬರೆದುಕೊಂಡ.

"ನೋವು ಎಷ್ಟಿದೆ ಸಾರ್? ಸೊನ್ನೆಯಿಂದ ಹತ್ತರೊಳಗೆ ಅಳೆದು ಹೇಳಿ."

ಅಳೆದು ಹೇಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ. ಮೂವತ್ತೊಂದು ವರ್ಷ ಬೆಳಗ್ಗೆ ಎದ್ದರೆ ಸಾಹುಕಾರರು ಫೋನಿನಲ್ಲಿ ಕೇಳುತ್ತಿದ್ದದ್ದು ಇದೊಂದೇ, ಎಷ್ಟಾಯ್ತು ರೈಟ್ರೇ? ಯೋಚನೆ ಮಾಡಿ ಉತ್ತರ ಕೊಟ್ಟು ಗೊತ್ತೇ ಇಲ್ಲ.

"ಒಂದು ಇಂಚು ಇಪ್ಪತ್ತು ಸೆಂಟ್," ಅಂದೆ.

ಹೇಳಿದ ಮೇಲೆ ಎಂಟು ನೆನಪಾಯಿತು. ಎಂಟು ಎಂದು ತಿದ್ದಬೇಕೆನ್ನುವಷ್ಟರಲ್ಲಿ ಹುಡುಗ ಬರೆದುಕೊಂಡು ಪಕ್ಕೆ ಒತ್ತಿದ, ನಾನು ನರಳಿ ಮುಗಿಸುವಷ್ಟರಲ್ಲಿ ಗಂಟೆಯೂ ಬಾರಿಸಿತು. ಈಗ ನನ್ನ ಮುಂದೆ ಘೋರವಾದ ಧರ್ಮಸಂಕಟ. ಎರಡನೆಯವಳಿಗೆ ಎಂಟು ಎಂದರೆ ಮೊದಲನೆಯವನಿಗೆ ಅನ್ಯಾಯ. ಮೊದಲನೆಯವನಿಗೆ ಏನು ಹೇಳಿದಿರೋ ಹನ್ನೆರಡನೆಯವರಿಗೂ ಅದನ್ನೇ ಹೇಳಬೇಕು ಎಂದು ಮೇಡಂ ಹೇಳಿದ್ದಾರೆ. ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಗೀಚಿ ತಿದ್ದದ ಮನುಷ್ಯ ನಾನು. ನ್ಯಾಯದ ಪಕ್ಷವನ್ನೇ ಹಿಡಿದೆ. ಎರಡನೆಯವಳಿಗೂ ಒಂದು ಇಂಚು ಇಪ್ಪತ್ತು ಸೆಂಟ್. ಮೂರನೆಯವನಿಗೂ ಒಂದು ಇಂಚು ಇಪ್ಪತ್ತು ಸೆಂಟ್.

ಹುಡುಗರ ಅವಸ್ಥೆ ನೋಡಲಾಗುತ್ತಿರಲಿಲ್ಲ. ಒಬ್ಬ "ಗಡ್ಡೆ ಒಂದು ಇಂಚು ಇದೆಯಾ ಸಾರ್?" ಎಂದು ನನ್ನ ಹೊಟ್ಟೆಯಲ್ಲೆಲ್ಲ ಗಡ್ಡೆ ಹುಡುಕಿದ. ಒಬ್ಬಳು ಹೂಮಳೆ ಎಂದರೆ ಹಬ್ಬವಾ ಎಂದು ಕೇಳಿದಳು. ಕೊನೆಗೆ ಅಷ್ಟೂ ಜನ ಸೆಂಟನ್ನು ಬಿಟ್ಟು ಇಂಚನ್ನು ಮಾತ್ರ ಹಿಡಿದುಕೊಂಡು ನೋವು ಹತ್ತರಲ್ಲಿ ಒಂದು ಎಂದು ಬರೆದರು. ಹತ್ತರಲ್ಲಿ ಒಂದು ಎಂದರೆ ಏನು ನೋವು? ಪಿತ್ತಕೋಶದ ಕಲ್ಲು ಇಟ್ಟುಕೊಂಡ ನನಗೆ ಹನ್ನೊಂದು ಜನ ಬಂದು ಮಜ್ಜಿಗೆ ಕುಡಿಯಿರಿ, ಖಾರ ಕಡಿಮೆ ಮಾಡಿ ಎಂದು ಹೇಳಿ ಹೋದರು. ಪಕ್ಕೆ ಒತ್ತಿದಾಗಲೆಲ್ಲ ನಾನು ನಿಯಮದಂತೆ ನರಳಿದೆ. ಪ್ರತಿ ಸಲವೂ ಪರದೆಯ ಆಚೆ ಯಾರೋ ಕಿಸಕ್ಕೆಂದು ನಗುತ್ತಿದ್ದರು.

ಹನ್ನೆರಡನೆಯವಳು ಚೈತ್ರ. ಕನ್ನಡಕ ಇಲ್ಲದಿದ್ದರೂ ಅವಳ ನಡಿಗೆ ಗೊತ್ತಾಯಿತು, ಮೇಸ್ತ್ರಿಯದೇ ನಡಿಗೆ. ಅವಳು ನನ್ನನ್ನು ನೋಡಿ ಒಂದು ಕ್ಷಣ ಹಾಗೆಯೇ ನಿಂತಳು. ಆಮೇಲೆ ಏನೂ ಆಗದವರ ಹಾಗೆ "ನಮಸ್ಕಾರ, ನಿಮ್ಮ ಹೆಸರೇನು?" ಅಂದಳು. ನನ್ನ ಎದುರೇ ಹುಟ್ಟಿ ಬೆಳೆದ ಮಗು, ನನ್ನ ಹೆಸರು ಕೇಳುತ್ತಿದೆ. ಖುಷಿಯೂ ಆಯಿತು, ಒಂದು ತರಹ ದುಃಖವೂ ಆಯಿತು. ರಾಜು ಎಂದೆ.

ಈಗ ನನ್ನ ಯೋಜನೆಯ ಸಮಯ. ನೋವು ಬಲ ಭುಜಕ್ಕೆ ಹತ್ತುತ್ತದೆ ಎನ್ನುವುದನ್ನು ಅವಳು ಕೇಳಲು ಮರೆಯಬಾರದು ಎಂದು ಸನ್ನೆಯಾಗಿ ಬಲ ಭುಜವನ್ನು ಕೆರೆದುಕೊಂಡೆ. ಅವಳು ನೋಡಲಿಲ್ಲ. ಜೋರಾಗಿ ಕೆರೆದುಕೊಂಡೆ.

"ಅಲ್ಲಿ ತುರಿಕೆ ಇದ್ಯಾ?" ಎಂದು ಕೇಳಿ, ತುರಿಕೆ ಎಂದು ಬರೆದುಕೊಂಡಳು.

ಇನ್ನು ಸಹಾಯ ಮಾಡಬಾರದು ಎಂದು ಕೈ ಕೆಳಗಿಟ್ಟೆ. ನೋವು ಯಾವಾಗಿನಿಂದ ಎಂದಳು. ಹೂಮಳೆ ಆದ ಮಾರನೇ ದಿನದಿಂದ ಎಂದೆ. ಅವಳು ಮನಸ್ಸಿನಲ್ಲೇ ದಿನ ಎಣಿಸಿ "ಹಾಗಾದ್ರೆ ಮೂರು ವಾರ ಆಗ್ತಾ ಬಂತು" ಎಂದು ಬರೆದಳು. ನೋವು ಎಷ್ಟು, ಅಳೆದು ಹೇಳಿ ಎಂದಳು.

"ಒಂದು ಇಂಚು ಇಪ್ಪತ್ತು ಸೆಂಟ್."

ಪೆನ್ನು ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದಳು.

"ಇಡೀ ದಿನಕ್ಕಾ, ಒಂದೇ ಹೊಡೆತಕ್ಕಾ?"

"ಒಂದೇ ಹೊಡೆತಕ್ಕೆ. ಅರ್ಧ ಗಂಟೆ."

"ಚರಂಡಿ ತುಂಬ್ತಾ?"

"ತುಂಬಿ ರಸ್ತೆಗೆ ಬಂತು."

"ಹಾಗಾದ್ರೆ ಎಂಟು," ಎಂದು ಬರೆದಳು.

ಮಂಚದ ಮೇಲೆ ಎದ್ದು ಕೂತು ಚಪ್ಪಾಳೆ ತಟ್ಟುವ ಹಾಗಾಯಿತು. ಹನ್ನೊಂದು ಜನಕ್ಕೆ ತಿಳಿಯದ ನೋವು ಅವಳಿಗೆ ತಿಳಿಯಿತಲ್ಲ! ಅವಳು ಪಾಸಾದಳು, ನಾನೂ ಪಾಸಾದೆ ಎಂದುಕೊಂಡು ಕಾಫಿ ಕುಡಿಯಲು ಹೋದೆ. ಕಾಫಿ ಅರ್ಧ ಕುಡಿದಿರಲಿಲ್ಲ, ಮೇಡಂ ಕರೆಯುತ್ತಾರೆ ಎಂದು ಕರೆ ಬಂತು.

ಮೇಡಂ ಕೋಣೆಯಲ್ಲಿ ಚೈತ್ರ ನಿಂತಿದ್ದಳು. ಮೇಜಿನ ಮೇಲೆ ಹನ್ನೆರಡು ಉತ್ತರಪತ್ರಿಕೆ, ಪಕ್ಕದಲ್ಲಿ ಮೊಬೈಲ್. ವಿಚಾರಣೆಯ ಮಾತು ದಾಖಲಾಗಬೇಕು ಎಂದು ಅದನ್ನು ಆನ್ ಮಾಡಿಟ್ಟಿದ್ದೇನೆ ಎಂದು ಮೇಡಂ ಮೊದಲೇ ಹೇಳಿದರು.

"ಹನ್ನೊಂದು ಜನ ನೋವು ಒಂದು ಅಂತ ಬರೆದಿದ್ದಾರೆ. ಇವಳು ಎಂಟು ಅಂತ ಬರೆದಿದ್ದಾಳೆ. ನಾನು ನಿಮಗೆ ಕೊಟ್ಟ ಕಾಗದದಲ್ಲಿರೋದು ಎಂಟು. ನೀವು ಬಾಯಿ ಬಿಟ್ಟು ಎಂಟು ಅಂತ ಯಾರಿಗೂ ಹೇಳಿಲ್ಲ. ಇವಳಿಗೆ ಹೇಗೆ ಗೊತ್ತಾಯ್ತು?"

ನಾನು ಬಾಯಿ ತೆರೆದೆ. ವಿಡಿಯೋದ ಮನುಷ್ಯನ ಹಾಗೆ ತೆರೆದುಕೊಂಡೇ ನಿಂತೆ.

"ಇವಳ ಊರಿನ ವಿಳಾಸ ನೋಡಿದೆ. ನೀವು ಕೆಲಸ ಮಾಡಿದ ಎಸ್ಟೇಟೇ. ವಿದ್ಯಾರ್ಥಿಗಳು ಯಾರೂ ಪರಿಚಯ ಇಲ್ಲ ಅಂದಿದ್ರಿ. ಕಾಗದ ಮೊದಲೇ ತೋರಿಸಿದ್ದೀರಿ ಅಂತಲೇ ಆಯ್ತಲ್ಲ? ಇವಳ ಪರೀಕ್ಷೆ ರದ್ದು ಮಾಡದೆ ನನಗೆ ಬೇರೆ ದಾರಿ ಇಲ್ಲ."

"ಅಯ್ಯೋ," ಅಂದೆ.

ನಾನು ಅಂದದ್ದಲ್ಲ, ಅದಾಗಿಯೇ ಬಂತು. ಉಸಿರು ಅರ್ಧದಲ್ಲಿ ನಿಂತು, ಪಕ್ಕೆಯ ಕೆಳಗೆ ಯಾರೋ ಹಿಂಡಿದ ಹಾಗಾಗಿ, ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದೆ. ಚೈತ್ರ ಓಡಿ ಬಂದು "ರೈಟ್ರೇ, ಏನಾಯ್ತು ರೈಟ್ರೇ" ಎಂದು ಕೈ ಹಿಡಿದು ನಾಡಿ ನೋಡಿದಳು. ಪರಿಚಯದ ವಿಷಯದಲ್ಲಿ ಇದ್ದ ಕೊನೆಯ ಸಂಶಯವೂ ಅಲ್ಲಿಗೆ ಮುಗಿಯಿತು.

ಎಲ್ಲ ಒಪ್ಪಿಕೊಂಡೆ. ಸುಳ್ಳು ಹೇಳಿದ್ದು ನಾನು, ಹುಡುಗಿಗೆ ನಾನು ಬರುವುದೇ ಗೊತ್ತಿರಲಿಲ್ಲ, ಭುಜ ಕೆರೆದುಕೊಂಡದ್ದೂ ನಾನೇ, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ ಎಂದೆ. ಎಂಟು ಹೇಗೆ ಬಂತು ಎನ್ನುವುದನ್ನು ಚೈತ್ರಳೇ ಹೇಳಿದಳು.

"ಮೇಡಂ, ಇವರಿಗೆ ಎಲ್ಲದಕ್ಕೂ ಅಳತೆ ಅಂದ್ರೆ ಮಳೆಯದ್ದೇ. ದಿನವಿಡೀ ಜಿನುಗಿ ಒಂದೂಕಾಲು ಇಂಚಾದ್ರೆ ನಮಗೆ ಏನೂ ಅಲ್ಲ. ಅರ್ಧ ಗಂಟೇಲಿ ಅಷ್ಟು ಹೊಡೆದ್ರೆ ಮಣ್ಣೆಲ್ಲ ಕೊಚ್ಚಿಕೊಂಡು ಹೋಗ್ತದೆ. ಅದಕ್ಕೇ ಎಷ್ಟು ಹೊತ್ತಲ್ಲಿ ಅಂತ ಕೇಳ್ದೆ. ಹತ್ತು ಆಗಿದ್ರೆ ಇವರಿಗೆ ಮಾತಾಡಕ್ಕೂ ಆಗ್ತಿರ್ಲಿಲ್ಲ. ಅದಕ್ಕೆ ಎಂಟು."

ಮೇಡಂ ಚೈತ್ರಳ ಉತ್ತರಪತ್ರಿಕೆಯನ್ನು ಇನ್ನೊಮ್ಮೆ ಓದಿದರು. "ನಮ್ಮೂರಲ್ಲಿ ಮಳೆ ಬಂದ್ರೆ ಬಂತು ಅಂತೀವಿ. ಅಳೆಯೋಷ್ಟು ಬರೋದಿಲ್ಲ," ಎಂದರು. ಆಮೇಲೆ ಕ್ಯಾಮೆರಾದಲ್ಲಿ ಹಿಡಿದದ್ದನ್ನು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೊದಲಿನಿಂದ ಹಾಕಿಸಿ ನೋಡಿದರು. ನಾನೂ ನೋಡಬೇಕಾಯಿತು. ನನ್ನ ಕಲೆಯನ್ನು ನಾನು ಕಂಡದ್ದು ಅದೇ ಮೊದಲು. ಹನ್ನೆರಡು ಸಲ ನರಳಿದ್ದೆ. ಹನ್ನೆರಡು ಸಲವೂ ಸುಬ್ಬೇಗೌಡರು ಹೇಳಿದ್ದೇ ಸರಿ, ಅದು ಹಸುವೇ.

ತೀರ್ಪು ಬಂತು. ಚೈತ್ರ ಮೋಸ ಮಾಡಿಲ್ಲ. ಆದರೆ ರೋಗಿ ಸುಳ್ಳು ಹೇಳಿ ಸೇರಿಕೊಂಡಿದ್ದಾನೆ, ಹನ್ನೊಂದು ಜನಕ್ಕೆ ಅರ್ಥವಾಗದ ಉತ್ತರ ಕೊಟ್ಟಿದ್ದಾನೆ. ಆದ್ದರಿಂದ ಹೊಟ್ಟೆನೋವಿನ ಪರೀಕ್ಷೆ ಹನ್ನೆರಡೂ ಜನಕ್ಕೆ ರದ್ದು, ಸೋಮವಾರ ಮತ್ತೆ. ಮನುಷ್ಯರ ಸಹವಾಸ ಸಾಕು.

"ಈ ಸಲ ಗೊಂಬೆ ಇಡ್ತೇವೆ," ಅಂದರು ಮೇಡಂ.

ಚೈತ್ರ ತಲೆಯಾಡಿಸಿದಳು, ಅಷ್ಟೇ. ಅವಳ ಎದುರಿದ್ದ ಒಂದೇ ಒಂದು ಮನುಷ್ಯಪ್ರಾಣಿಯನ್ನು ತೆಗೆದು ನಾನೇ ನನ್ನ ಕೈಯಾರೆ ಅವಳಿಗೆ ಗೊಂಬೆ ತಂದಿಟ್ಟಿದ್ದೆ. ಬಸ್ಸಿನಲ್ಲಿ ಬರುವಾಗ ಮೂಡಿಗೆರೆ ದಾಟಿದ್ದೂ ತಿಳಿಯಲಿಲ್ಲ. ಮನೆಗೆ ಬಂದು ಗಿರಿಜಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮಾರನೇ ದಿನ ಮೇಸ್ತ್ರಿ ಬಂದ. ಅವನ ಮುಖ ನೋಡುವ ಧೈರ್ಯವಿಲ್ಲದೆ ಕಾಫಿ ಗಿಡದ ಸಾಲಿನೊಳಗೆ ಹೋಗಿ ಕೂತಿದ್ದೆ. ಅವನು ಹುಡುಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಮಗಳು ಫೋನ್ ಮಾಡಿದ್ಲು. ನಿಮ್ಮನ್ನ ಬೈಬೇಡ ಅಂದ್ಲು."

"ಬೈದುಬಿಡು ಮಾರಾಯ. ನನಗೆ ತಡೆಯೋಕಾಗ್ತಿಲ್ಲ."

"ಬೈಬೇಡ ಅಂದಿದ್ದಾಳಲ್ಲ," ಎಂದು ಅವನು ಎದ್ದು ಹೋದ. ಭಾನುವಾರದವರೆಗೆ ನನಗೆ ಊಟ ಸೇರಲಿಲ್ಲ. ಮಳೆ ಬಂದರೂ ಡಬ್ಬಿ ನೋಡಲಿಲ್ಲ.

ಸೋಮವಾರ ಬೆಳಗ್ಗೆಯಿಂದ ಡಬ್ಬಿಯ ಪಕ್ಕ ಸ್ಟೂಲ್ ಹಾಕಿಕೊಂಡು ಮೊಬೈಲ್ ಹಿಡಿದು ಕೂತೆ. ಮಧ್ಯಾಹ್ನ ಕಳೆದು ಫೋನ್ ಬಂತು.

"ರೈಟ್ರೇ, ಪಾಸಾಯ್ತು," ಅಂದಳು ಚೈತ್ರ.

ಗಿರಿಜಾ ಮೊಬೈಲ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. "ಗೊಂಬೆ ಎದುರು ಹೆದರಿಕೆ ಆಗ್ಲಿಲ್ವಾ ಮಗಾ?"

"ಆಯ್ತು ಅಮ್ಮಾ, ಒಂದು ಪ್ರಶ್ನೆನೂ ಕೇಳ್ದೆ ಸೀದಾ ಪಕ್ಕೆ ಒತ್ತಿದೆ. ಗೊಂಬೆ ಅಯ್ಯೋ ಅಂತು. ನೋಡಿದ್ರೆ ನಮ್ಮ ರೈಟ್ರ ದನಿ!"

ಆ ದಿನ ಮೇಡಂ ಮೊಬೈಲಿನಲ್ಲಿ ದಾಖಲಾಗಿದ್ದ ನನ್ನ ಅಯ್ಯೋ ಅದು. ಈ ಮನುಷ್ಯ ಬೆಳಗ್ಗಿನಿಂದ ಹದಿಮೂರು ಸಲ ನರಳಿದ್ದಾನೆ, ಅದರಲ್ಲಿ ನಿಜವಾದದ್ದು ಇದೊಂದೇ ಎಂದು ಮೇಡಂ ಹೇಳಿ, ಅದನ್ನು ತೆಗೆದು ಗೊಂಬೆಯ ಒಳಗಿನ ಸ್ಪೀಕರಿಗೆ ಹಾಕಿಸಿದರಂತೆ.

"ದನಿ ಕೇಳಿದ ಮೇಲೆ ಅದು ಗೊಂಬೆ ಅಂತ ಅನ್ನಿಸ್ಲೇ ಇಲ್ಲ. ಬಾಯಿಗೆ ರೈಟ್ರೇ ಅಂತ್ಲೇ ಬಂತು, ನುಂಗಿಕೊಂಡೆ. ಹೆದರ್ಬೇಡಿ, ಎಲ್ಲಿ ನೋವು ಹೇಳಿ ಅಂತ ಶುರು ಮಾಡ್ದೆ. ಮುಂದೆಲ್ಲ ತಾನಾಗೇ ಆಯ್ತು. ಇನ್ನು ಮುಂದಿನ ಬ್ಯಾಚಿಗೂ ಅದೇ ಅಯ್ಯೋ ಇಡ್ತಾರಂತೆ."

ಫೋನ್ ಇಟ್ಟ ಮೇಲೆ ನಾನು ಕಣ್ಣೊರೆಸಿಕೊಂಡೆ. ನಾಲ್ಕು ಪುಟದ ಕಾಗದ, ಒಂದು ವಾರದ ವಿಡಿಯೋ, ಲಿವರ್ ಕಳಚಿದ ಟ್ಯಾಬ್, ಇಷ್ಟರಿಂದ ಕಲಿತದ್ದರಲ್ಲಿ ಒಂದೂ ಕಾಲೇಜಿಗೆ ಬೇಕಾಗಲಿಲ್ಲ. ನಾನು ಕಲಿಯದೆ ಅಂದ ಒಂದು ಅಯ್ಯೋವನ್ನು ಮಾತ್ರ ಅವರು ಇಟ್ಟುಕೊಂಡರು. ಆದರೂ ಒಳಗೆ ಸ್ವಲ್ಪ ಜಂಬ ತಲೆ ಎತ್ತಿತು. ಏನೇ ಆಗಲಿ, ನನ್ನ ದನಿ ಈಗ ವೈದ್ಯಕೀಯ ಶಿಕ್ಷಣದ ಒಂದು ಮಾಧ್ಯಮ ಅಲ್ಲವೇ? ಇದನ್ನೇ ಗಿರಿಜಳಿಗೆ ಹೇಳಿದೆ.

"ಹೌದಾ? ಹಾಗಾದ್ರೆ ಆ ಅಯ್ಯೋ ನಾನೂ ಒಂದ್ಸಲ ಕೇಳ್ಬೇಕಲ್ಲ. ಅನ್ನಿ ನೋಡಣ," ಅಂದಳು.

ಎದ್ದು ನಿಂತೆ. ಗಂಟಲು ಸರಿ ಮಾಡಿಕೊಂಡೆ. ಆ ದಿನದ ಮೇಡಂ ಕೋಣೆಯನ್ನು ಮನಸ್ಸಿಗೆ ತಂದುಕೊಂಡು, ಕಣ್ಣು ಮುಚ್ಚಿ, ಪಕ್ಕೆ ಹಿಡಿದುಕೊಂಡು, ಉಸಿರು ಅರ್ಧದಲ್ಲಿ ನಿಲ್ಲಿಸಿ, ಇದ್ದ ಪ್ರಾಣವನ್ನೆಲ್ಲ ಒಟ್ಟುಗೂಡಿಸಿ ನರಳಿದೆ.

ಐದು ನಿಮಿಷದಲ್ಲಿ ಸುಬ್ಬೇಗೌಡರು ಹಗ್ಗ ಹಿಡಿದುಕೊಂಡು ಬಂದರು.